ಗಂಜಿ ಹಾಕಿದ ಹತ್ತು ರೂಪಾಯಿ

ಅಮ್ಮ ಸಾಯುವಾಗ ನಮಗೆ ಎರಡು ವಸ್ತು ಬಿಟ್ಟು ಹೋದಳು. ಒಂದು, ಒಂಟಿ ಬೆಂಡೋಲೆ. ಅದರ ಜೋಡಿ ಎಷ್ಟೋ ವರ್ಷಗಳ ಹಿಂದೆ ಬಟ್ಟೆ ಒಗೆಯುವಾಗ ಕಿವಿಯಿಂದ ಜಾರಿ ಹೊಳೆಗೆ ಬಿದ್ದಿತ್ತು. ಇನ್ನೊಂದು, ಬಿಸ್ಕೆಟಿನ ತಗಡಿನ ಡಬ್ಬಿಯಲ್ಲಿ ಒಂದಷ್ಟು ಹಳೆಯ ನೋಟುಗಳು. ಮಕ್ಕಳು ನಾವಿಬ್ಬರೇ, ನಾನು ಮತ್ತು ನನ್ನ ತಂಗಿ. ದೊಡ್ಡವಳು ಮೊದಲು ಆರಿಸಲಿ, ಆರಿಸಿದ ಮೇಲೆ ತಿರುಗಿ ಮಾತಾಡಬಾರದು ಎಂದು ಹೇಳಿ ಅಮ್ಮ ಗೋಡೆಯ ಕಡೆಗೆ ಮಗ್ಗುಲಾದಳು. ಮತ್ತೆ ಎರಡು ದಿನ ಇದ್ದಳು, ಆದರೆ ಆ ವಿಷಯ ಎತ್ತಲಿಲ್ಲ. ಅಮ್ಮನ ಮಾತು ಯಾವಾಗಲೂ ಕಡಿಮೆ. ಪೆಟ್ಟು ಮಾತ್ರ ಧಾರಾಳ.

ದೊಡ್ಡವಳು ನಾನು. ಹಾಗಾಗಿ ಆರಿಸುವ ಕೆಲಸ ನನ್ನ ತಲೆಗೆ ಬಂತು.

ಓಲೆಯ ಬೆಲೆ ತಿಳಿಯುವುದು ಕಷ್ಟವಾಗಲಿಲ್ಲ. ನಾನೂ ತಂಗಿಯೂ ಒಟ್ಟಿಗೇ ಚಿನ್ನದ ಕೆಲಸದ ಆಚಾರಿಯ ಹತ್ತಿರ ಹೋಗಿ ತೋರಿಸಿದೆವು. ಅವನು ಉಗುರಿನಿಂದ ಕೆರೆದು, ತೂಗಿ, ಒಳಗೆಲ್ಲ ಅರಗು ತುಂಬಿಸಿದ್ದಾರೆ, ಚಿನ್ನ ಇರುವುದು ಮೇಲಿನ ತೆಳು ತಗಡಿನಷ್ಟೇ ಎಂದ. ಕರಗಿಸಿದರೆ ಹತ್ತು ಸಾವಿರದ ಆಚೀಚೆ ಬರಬಹುದು. ಅಮ್ಮ ಜೀವಮಾನವಿಡೀ ಕಿವಿಯಲ್ಲಿ ಅರಗು ನೇತಾಡಿಸಿಕೊಂಡು ಗತ್ತು ಮಾಡಿದ್ದು ಎಂದು ತಿಳಿದು ಇಬ್ಬರಿಗೂ ನಗೆ ಬಂತು.

ಆದರೆ ಡಬ್ಬಿಯ ಬೆಲೆ ಯಾರಿಗೂ ಗೊತ್ತಿರಲಿಲ್ಲ. ಓಲೆ ತೆಗೆದುಕೊಂಡು, ಆಮೇಲೆ ಡಬ್ಬಿಗೆ ಲಕ್ಷ ಸಿಕ್ಕಿದರೆ ನಾನು ದಡ್ಡಿ. ಡಬ್ಬಿ ತೆಗೆದುಕೊಂಡು ಅದರಲ್ಲಿ ಕಸ ಇದ್ದರೂ ನಾನು ದಡ್ಡಿ. ದಡ್ಡಿಯಾಗುವುದಕ್ಕೆ ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ತಂಗಿಯ ಬಾಯಿಗೆ. ಮುಂದಿನ ತಿಂಗಳು ಅವಳ ಮೊಮ್ಮಗಳ ಮದುವೆ. ನಮ್ಮ ಕುಟುಂಬದವರೆಲ್ಲ ಸೇರುತ್ತಾರೆ. ನನ್ನ ದಡ್ಡತನದ ಒಂದು ಕಥೆಯನ್ನು ಅವಳು ಅರುವತ್ತು ವರ್ಷಗಳಿಂದ ಪ್ರತಿ ಮದುವೆಯಲ್ಲೂ ಹೇಳುತ್ತಾ ಬಂದಿದ್ದಾಳೆ. ಅದಕ್ಕೆ ಇನ್ನೊಂದು ಸೇರುವುದು ನನಗೆ ಬೇಡವಾಗಿತ್ತು.

ಆ ಹಳೆಯ ಕಥೆ ಡಬ್ಬಿಯೊಳಗಿನ ಒಂದು ನೋಟಿನದ್ದೇ. ಅದನ್ನು ಮೊದಲು ಹೇಳಬೇಕು.

ನಮ್ಮ ಮನೆಯ ಕಸುಬು ಬಟ್ಟೆ ಒಗೆಯುವುದು, ಇಸ್ತ್ರಿ ಹಾಕುವುದು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಲ್ಲಿ ಕಲಿತ ಅಕ್ಷರ ಮರೆಯದೆ ಉಳಿದದ್ದು ಇಸ್ತ್ರಿ ಬಟ್ಟೆ ಕಟ್ಟಿಕೊಡುವ ಹಳೆಯ ಪೇಪರು ಓದಿ ಓದಿ. ಆಗ ನಮ್ಮ ಮನೆ ಕಾಸರಗೋಡಿನಲ್ಲಿ ಹೊಳೆಬದಿಯಲ್ಲಿತ್ತು. ಸಮುದ್ರದ ಕಡೆಯ ಬ್ಯಾರಿ ಮುಸಲ್ಮಾನರ ಮನೆಗಳಿಂದ ಬಟ್ಟೆ ಬರುತ್ತಿತ್ತು. ಕಸುಬಿನಲ್ಲಿ ಅಮ್ಮನ ನಿಯಮ ಎರಡೇ. ಬಣ್ಣದ್ದನ್ನೂ ಬಿಳಿಯದ್ದನ್ನೂ ಒಟ್ಟಿಗೆ ನೆನೆಹಾಕಬಾರದು. ಕಿಸೆಯಲ್ಲಿ ಸಿಕ್ಕಿದ್ದು ನಮ್ಮದಲ್ಲ.

ಕಿಸೆಯಲ್ಲಿ ಏನೇನೋ ಸಿಗುತ್ತಿತ್ತು. ಬಸ್ಸಿನ ಟಿಕೇಟು, ಒದ್ದೆಯಾದ ಬೀಡಿ, ಒಮ್ಮೆ ಒಂದು ಕಟ್ಟುಹಲ್ಲು. ಹಲ್ಲಿನವರು ಕೇಳಲು ಬರಲಿಲ್ಲ, ನಾನೇ ಹೋಗಿ ಕೊಟ್ಟೆ. ಬಾಯಿಗೆ ಇಟ್ಟು ನೋಡುತ್ತಾರೋ ಎಂದು ಸ್ವಲ್ಪ ಹೊತ್ತು ನಿಂತೆ, ಇಡಲಿಲ್ಲ. ಚಿಲ್ಲರೆ ನೋಟು ಸಿಕ್ಕಿದರೆ ಬಟ್ಟೆಯ ಜೊತೆ ವಾಪಸು ಹೋಗುತ್ತಿತ್ತು. ಯಾರದ್ದೆಂದು ಗೊತ್ತಾಗದಿದ್ದರೆ ಡಬ್ಬಿಗೆ ಬೀಳುತ್ತಿತ್ತು, ಕೇಳಿಕೊಂಡು ಬಂದವರಿಗೆ ಕೊಡಲು. ಬಾರದವರ ನೋಟುಗಳು ಡಬ್ಬಿಯಲ್ಲೇ ಮುದಿಯಾದವು.

ನನಗೆ ಹನ್ನೊಂದು ವರ್ಷ ಇರುವಾಗ ಒಂದು ಸಂಜೆ ಹೊಸ ಕೆಂಪು ಲುಂಗಿಯೊಂದನ್ನೂ ಒಂದು ಬಿಳಿ ಅಂಗಿಯನ್ನೂ ಒಂದೇ ಮರಿಗೆಯಲ್ಲಿ ನೆನೆಹಾಕಿದೆ. ಮರೆತು ಹಾಕಿದ್ದಲ್ಲ, ಸೋಮಾರಿತನದಿಂದ ಹಾಕಿದ್ದು. ಬೆಳಿಗ್ಗೆ ನೋಡಿದರೆ ಅಂಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಮ್ಮ ಅದನ್ನು ಎತ್ತಿ ಕಿಸೆಗೆ ಕೈ ಹಾಕಿದಳು. ಹತ್ತು ರೂಪಾಯಿಯ ಒಂದು ನೋಟು ಬಂತು. ನಾವು ಕಂಡಿದ್ದ ಹತ್ತರ ನೋಟು ನೇರಳೆಹಣ್ಣಿನ ಬಣ್ಣದ್ದು. ಇದು ಕೆಂಪಗೆ, ಆ ಲುಂಗಿಯ ತಮ್ಮನ ಹಾಗೆ ಇತ್ತು.

ಅಮ್ಮ ಆ ಒದ್ದೆ ಲುಂಗಿಯನ್ನೇ ಹಿಂಡಿ ನನಗೆ ಎರಡು ಬಾರಿಸಿದಳು. ಒಂದು ಅಂಗಿಯದ್ದು, ಒಂದು ನೋಟಿನದ್ದು ಎಂದು ಲೆಕ್ಕ ಹೇಳಿಯೇ ಹೊಡೆದಳು. ಹತ್ತು ರೂಪಾಯಿ ಆಗ ಸಣ್ಣ ದುಡ್ಡಲ್ಲ. ಮಾಡಿಗೆ ಹಂಚು ಹಾಕಿಸಲೆಂದು ತೆಗೆದಿಟ್ಟಿದ್ದರಲ್ಲಿ ಒಂದು ಒಳ್ಳೆಯ ಹತ್ತರ ನೋಟು ತೆಗೆದುಕೊಂಡು ಆ ಬ್ಯಾರಿಗಳ ಮನೆಗೆ ಹೋದಳು. ಅಂಗಿಯ ಯಜಮಾನ ಅಷ್ಟರಲ್ಲಿ ಹಡಗು ಹತ್ತಿಯಾಗಿತ್ತು. ಅವನನ್ನು ಹೆತ್ತ ಉಮ್ಮ ಮನೆಯಲ್ಲಿದ್ದರು. ಅವರು ಒಳ್ಳೆಯ ನೋಟು ತೆಗೆದುಕೊಂಡರು, ಗುಲಾಬಿ ಅಂಗಿ ಸಣ್ಣವನಿಗೆ ಆಗುತ್ತದೆ ಎಂದರು, ನಮಗೊಂದು ಹಲಸಿನಹಣ್ಣು ಕೊಟ್ಟರು. ಹಾಳಾದ ನೋಟನ್ನು ಅಮ್ಮ ಒಣಗಿಸಿ ಡಬ್ಬಿಗೆ ಹಾಕಿದಳು. ನಾನು ಮಾಡಿದ್ದಕ್ಕೆ ಸಾಕ್ಷಿ ಇರಲಿ ಎಂದಳು.

ನನ್ನ ತಂಗಿಗೆ ಆಗ ನಾಲ್ಕು ವರ್ಷ. ಅವಳಿಗೆ ಹಲಸಿನಹಣ್ಣು ಬಿಟ್ಟರೆ ಬೇರೇನೂ ನೆನಪಿರಲಿಕ್ಕೆ ಸಾಧ್ಯವಿಲ್ಲ. ಆದರೂ ಲುಂಗಿ ಹಿಂಡಿದ್ದು ತಾನೇ ಎಂಬ ಹಾಗೆ ಹೇಳುತ್ತಾಳೆ. ಅಕ್ಕ ಸರ್ಕಾರದ ನೋಟಿಗೇ ಬಣ್ಣ ಹಾಕಿದವಳು ಎಂದು ಶುರುಮಾಡಿದರೆ ಎಲೆಯ ಮುಂದೆ ಕುಳಿತವರು ಕೈ ತೊಳೆಯುವವರೆಗೂ ಮುಗಿಸುವುದಿಲ್ಲ. ನನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೂ ಹೇಳಿದ್ದಳು. ನನ್ನ ಅತ್ತೆ ಮೂರು ವರ್ಷ ಬಣ್ಣದ ಬಟ್ಟೆ ನನ್ನ ಕೈಗೆ ಕೊಡಲಿಲ್ಲ. ನಮ್ಮ ಕಸುಬಿನವರಿಗೆ ಬಣ್ಣ ಬೇರ್ಪಡಿಸಲು ಬರುವುದಿಲ್ಲ ಎಂದು ಹೇಳುವುದು, ಅಡುಗೆಯವನಿಗೆ ಉಪ್ಪು ಹಾಕಲು ಬರುವುದಿಲ್ಲ ಎಂದ ಹಾಗೆ. ಅದರ ಮೇಲೆ ನಾನು ಐವತ್ತು ವರ್ಷ ಒಗೆದೆ, ಇಸ್ತ್ರಿ ಹಾಕಿದೆ, ಒಂದು ಬಟ್ಟೆಯನ್ನೂ ಹಾಳು ಮಾಡಲಿಲ್ಲ. ಅದನ್ನು ಯಾರೂ ಯಾವ ಮದುವೆಯಲ್ಲೂ ಹೇಳುವುದಿಲ್ಲ.

ನಾನಿರುವುದು ಬೆಳ್ಳೂರಿನಲ್ಲಿ, ತಂಗಿ ಬಾಯಾರಿನಲ್ಲಿ. ಅಮ್ಮ ಹೋದ ಮೇಲೆ ಅವಳು ಬಸ್ಸು ಬದಲಿಸಿ ಬದಲಿಸಿ ವಾರಕ್ಕೊಮ್ಮೆ ಬರತೊಡಗಿದಳು. ನನ್ನನ್ನು ನೋಡಲಿಕ್ಕಲ್ಲ, ನಾನು ಆರಿಸಿದೆನೋ ಎಂದು ನೋಡಲಿಕ್ಕೆ. ಅವಳಿಗೆ ಬೇಕಾದದ್ದು ಓಲೆ. ಅದನ್ನು ಕರಗಿಸಿ ಮೊಮ್ಮಗಳಿಗೆ ಉಂಗುರ ಮಾಡಿಸಬೇಕೆಂದು ಆಸೆ. ಬಾಯಿಬಿಟ್ಟು ಹೇಳುವುದಿಲ್ಲ. ಅದರ ಬದಲು ಡಬ್ಬಿಯನ್ನು ಹೊಗಳುತ್ತಾಳೆ. ಅವಳ ಕೈಯಲ್ಲಿ ಯಾವಾಗಲೂ ಫೋನು. ಅದರಲ್ಲಿ ಕೋಟು ಹಾಕಿದ ಒಬ್ಬ ಗಂಡಸು ಹಳೆಯ ನೋಟು ಹಿಡಿದುಕೊಂಡು ಬೊಬ್ಬೆ ಹಾಕುತ್ತಿರುತ್ತಾನೆ.

“ನೋಡಕ್ಕ, ಈ ಟ್ರ್ಯಾಕ್ಟರಿನ ಚಿತ್ರದ ಐದು ರೂಪಾಯಿ ನಮ್ಮ ಡಬ್ಬಿಯಲ್ಲಿ ಉಂಟಲ್ಲ? ಅದಕ್ಕೆ ಏಳು ಲಕ್ಷವಂತೆ.”

“ಯಾರು ಕೊಡುವುದು?”

“ಕೊಡುವವರು ಉಂಟು, ಬೇಕಾದಷ್ಟು ಜನ ಉಂಟು.”

“ಏಳು ಲಕ್ಷಕ್ಕೆ ನಿಜವಾದ ಟ್ರ್ಯಾಕ್ಟರೇ ಬರುತ್ತದಲ್ಲ ಮಾರಾಯ್ತಿ. ಅವರಿಗೆ ಚಿತ್ರ ಎಂತಕ್ಕೆ?”

ಹಾಗೆ ಹೇಳಿದೆ. ಆದರೆ ಆಸೆಯೇ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಬಸ್ಸು ಹತ್ತಿದ ಕೂಡಲೇ ಡಬ್ಬಿ ತೆಗೆದು ಟ್ರ್ಯಾಕ್ಟರು ಎಷ್ಟು ಉಂಟೆಂದು ನೋಡಿದೆ. ಮೂರು ಇತ್ತು. ಹುಲಿಯ ಚಿತ್ರದ ಎರಡು ರೂಪಾಯಿ ಐದಾರು, ಒಂದು ರೂಪಾಯಿಯದ್ದು ಒಂದು ಹಿಡಿ, ಸರ್ಕಾರ ರದ್ದು ಮಾಡಿದ ಹಳೆಯ ಐನೂರರದ್ದು ಒಂದು. ಅಡಿಯಲ್ಲಿ ನನ್ನ ಆ ಕೆಂಪು ಹತ್ತು.

ಮುಂದಿನ ವಾರ ತಂಗಿ ಬಂದಾಗ ಕೋಟಿನವನ ನಂಬರಿಗೆ ಫೋನು ಮಾಡು ಎಂದೆ. ಅವನು ಹಿಂದಿಯಲ್ಲಿ ಮಾತಾಡಿದ. ತಂಗಿ ಧಾರಾವಾಹಿ ನೋಡಿ ಕಲಿತ ಹಿಂದಿಯಲ್ಲಿ ಉತ್ತರ ಕೊಟ್ಟಳು. ನೋಟೆಲ್ಲ ಒಳ್ಳೆಯದು ಉಂಟಂತೆ, ಲಕ್ಷ ಲಕ್ಷ ಕೊಡುತ್ತಾನಂತೆ, ಆದರೆ ಮೊದಲು ಹೆಸರು ಬರೆಸಲು ನಾವು ಎರಡು ಸಾವಿರ ಕಳಿಸಬೇಕಂತೆ. ನಾನು ಫೋನು ಕಸಿದುಕೊಂಡು ಕೆಂಪು ಗುಂಡಿ ಒತ್ತಿದೆ. ಕೊಳ್ಳುವವನು ಮಾರುವವನ ಹತ್ತಿರ ದುಡ್ಡು ಕೇಳುವ ವ್ಯಾಪಾರ ನಾನು ನೋಡಿಲ್ಲ. ಹಾಗಾದರೆ ನಾನೂ ಬಟ್ಟೆ ಕೊಡಲು ಬಂದವರಿಗೆ ಸೋಪಿನ ದುಡ್ಡು ಕೊಡಬೇಕಾದೀತು. ತಂಗಿ ಮುಖ ಊದಿಸಿಕೊಂಡಳು. ಅವಳ ಮಟ್ಟಿಗೆ ಏಳು ಲಕ್ಷ ನನ್ನ ಹೆಬ್ಬೆರಳಿನಿಂದ ಹೋಯಿತು.

ನನ್ನ ಪಿಂಚಣಿ ಬರುವ ಬ್ಯಾಂಕಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿ ಕುಳಿತ ಹುಡುಗಿ ಒಳ್ಳೆಯವಳೇ. ಒಂದು ರೂಪಾಯಿಗೆ ಒಂದು ರೂಪಾಯಿ, ಎರಡಕ್ಕೆ ಎರಡು, ಐನೂರಕ್ಕೆ ಏನೂ ಇಲ್ಲ ಎಂದಳು. ಕೆಂಪು ಹತ್ತನ್ನು ಕಣ್ಣೆತ್ತಿ ಸರಿಯಾಗಿ ನೋಡಲೂ ಇಲ್ಲ. ಬಣ್ಣ ತಾಗಿದ್ದನ್ನು ನಾವು ತೆಗೆದುಕೊಳ್ಳುವುದಿಲ್ಲ ಅಜ್ಜಿ ಎಂದಳು. ಅವಳ ಮಾತು ಕೇಳಿದರೆ ಐದು ರೂಪಾಯಿಗೆ ಐದು, ಕೋಟಿನವನ ಮಾತು ಕೇಳಿದರೆ ಏಳು ಲಕ್ಷ. ಇವೆರಡರ ಮಧ್ಯೆ ಎಲ್ಲೋ ಸರಿಯಾದದ್ದು ಇರಬೇಕು, ಆದರೆ ಮಧ್ಯದ ಜಾಗ ಸ್ವಲ್ಪ ಜಾಸ್ತಿಯಾಯಿತು.

ದಾರಿ ತೋರಿಸಿದವರು ಒಬ್ಬ ನಿವೃತ್ತ ಮಾಸ್ಟ್ರು. ಅವರ ಬಿಳಿ ಮುಂಡುಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಡುವುದು ನಾನೇ. ಕಾಸರಗೋಡಿನಲ್ಲಿ ವಾಚು ರಿಪೇರಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಬ್ಬರು ಬ್ಯಾರಿ ಇದ್ದಾರೆ, ಹಳೆಯ ನೋಟು, ಪಾವಲಿ, ಅಂಚೆ ಚೀಟಿ ಎಲ್ಲ ಕೊಳ್ಳುತ್ತಾರೆ, ಮಾರುತ್ತಾರೆ, ಮೋಸದವರಲ್ಲ ಎಂದರು. ಮತ್ತೆ ಮೆಟ್ಟಿಲು ಇಳಿಯುತ್ತಾ ಒಂದು ಮಾತು ಸೇರಿಸಿದರು. ಸುಕ್ಕು ಇಲ್ಲದ, ಗರಿಗರಿಯಾದ ನೋಟಿಗೇ ಹೆಚ್ಚು ಬೆಲೆಯಂತೆ.

ಸುಕ್ಕು ತೆಗೆಯುವುದನ್ನು ನನಗೆ ಯಾರು ಹೇಳಿಕೊಡಬೇಕು?

ಎರಡು ದಿನ ಬೇರೆ ಕೆಲಸ ಮಾಡಲಿಲ್ಲ. ನೋಟುಗಳನ್ನೆಲ್ಲ ಅಂಟುವಾಳದ ನೀರಿನಲ್ಲಿ ನಿಧಾನಕ್ಕೆ ತೊಳೆದೆ. ಅರುವತ್ತು ವರ್ಷಗಳ ಕೊಳೆ ಬಿಟ್ಟಿತು, ನೀರು ಕಾಪಿಯ ಹಾಗಾಯಿತು. ಬೆಳ್ತಿಗೆ ಅಕ್ಕಿಯ ಗಂಜಿಯ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಒಂದೊಂದೇ ನೋಟನ್ನು ಅದರಲ್ಲಿ ಅದ್ದಿ, ಹಲಗೆಯ ಮೇಲೆ ಅಂಟಿಸಿ ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗೆ ಹಾಕಿದರೆ ಮುರುಟುತ್ತದೆ. ಅಷ್ಟು ನನಗೆ ಗೊತ್ತು. ಮತ್ತೆ ಇಸ್ತ್ರಿಪೆಟ್ಟಿಗೆಗೆ ತೆಂಗಿನ ಗೆರಟೆಯ ಕೆಂಡ ತುಂಬಿಸಿ, ನೋಟಿನ ಮೇಲೆ ತೆಳ್ಳಗಿನ ಬಟ್ಟೆ ಹಾಸಿ, ಅಂಚಿನಿಂದ ನಡುವಿಗೆ ಎಳೆದೆ. ಮದುಮಗನ ಮುಂಡಿಗೂ ನಾನು ಅಷ್ಟು ನಾಜೂಕು ಮಾಡಿದವಳಲ್ಲ. ಎತ್ತಿ ಅಲ್ಲಾಡಿಸಿದರೆ ಪಟಪಟ ಎಂದವು. ಹುಲಿಗೆ ಜೀವ ಬಂದ ಹಾಗಿತ್ತು.

ಕೆಂಪು ಹತ್ತಕ್ಕೆ ಬೇರೆ ಚಿಕಿತ್ಸೆ. ಅದರ ಕಲೆ ತೆಗೆದು ಸ್ವಂತ ಬಣ್ಣಕ್ಕೆ ತರಬೇಕೆಂದು ಹಟ ಹಿಡಿದೆ. ಎಲೆಅಡಿಕೆಯ ಕಲೆ, ಗೇರುಹಣ್ಣಿನ ಕಲೆ, ರಕ್ತ, ಶಾಯಿ, ನಾನು ತೆಗೆಯದ ಕಲೆ ಇಲ್ಲ. ನಿಂಬೆಹುಳಿ ಹಿಂಡಿ ಉಜ್ಜಿದೆ, ಬಿಸಿಲಿಗಿಟ್ಟೆ, ತೊಳೆದೆ. ಪುನಃ ಹುಳಿ, ಪುನಃ ಬಿಸಿಲು. ಕೆಂಪು ಅಲ್ಲಾಡಲಿಲ್ಲ. ತೊಳೆದ ನೀರಿಗೆ ಒಂದು ಹನಿ ಕೆಂಪೂ ಬರಲಿಲ್ಲ. ಲುಂಗಿಯಿಂದ ಬಂದ ಬಣ್ಣವಾದರೆ ನೀರಿಗೆ ಸ್ವಲ್ಪವಾದರೂ ಬಿಡಬೇಕು. ಅಲ್ಲಿಯೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಇನ್ನೊಂದು ನಿಂಬೆಹಣ್ಣು ಕೊಯ್ದೆ.

ಕೊನೆಗೆ ಸೋತು, ಹೇಗಿದೆಯೋ ಹಾಗೆ ಇರಲಿ ಎಂದು ಅದಕ್ಕೂ ಗಂಜಿ ಹಾಕಿ ಇಸ್ತ್ರಿ ಎಳೆದು, ಎಲ್ಲವನ್ನೂ ಹೊಸ ಪೇಪರಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಆ ಮಾಳಿಗೆಯ ಮೆಟ್ಟಿಲು ಏಣಿಯ ಹಾಗಿತ್ತು. ಮೇಲೆ ಒಂದು ಮೇಜು, ಒಂದು ದೀಪ, ಗೋಡೆ ತುಂಬ ಕಪಾಟು. ಬ್ಯಾರಿಗೆ ಐವತ್ತರ ಪ್ರಾಯ, ಬಿಳಿ ಅಂಗಿ. ಕಾಲರಿಗೆ ನೀಲಿ ಜಾಸ್ತಿಯಾಗಿತ್ತು. ಕುಳಿತುಕೊಳ್ಳಿ ಅಮ್ಮ ಎಂದು ಫ್ಯಾನು ನನ್ನ ಕಡೆ ತಿರುಗಿಸಿದರು. ನಾನು ಕಟ್ಟು ಬಿಚ್ಚಿ ನೋಟುಗಳನ್ನು ಸಾಲಾಗಿ ಇಟ್ಟೆ. ಅವರು ಒಂದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಬೆರಳಿನಿಂದ ಮುಟ್ಟಿದರು. ಮತ್ತೆ ಮೂಗಿನ ಹತ್ತಿರ ತಂದು ಮೂಸಿದರು.

“ಅಮ್ಮ, ಇದಕ್ಕೆ ನೀವು ಎಂತ ಹಾಕಿದ್ದೀರಿ?”

“ಗಂಜಿ.”

“ಗಂಜಿಯಾ?”

“ಬೆಳ್ತಿಗೆಯದ್ದು. ಕುಚ್ಚಲಕ್ಕಿಯದ್ದು ಹಾಕಿದರೆ ಕಪ್ಪು ಹಿಡಿಯುತ್ತದೆ.”

ಅವರು ಚಿಮಟ ಕೆಳಗಿಟ್ಟು ಎರಡೂ ಕೈ ತಲೆಗೆ ಇಟ್ಟುಕೊಂಡರು. ನಗಲೋ ಅಳಲೋ ಎಂದು ಅವರಿಗೇ ತಿಳಿಯದ ಹಾಗಿತ್ತು ಮುಖ. ಮತ್ತೆ ತಾಳ್ಮೆಯಿಂದ ವಿವರಿಸಿದರು. ಗರಿಗರಿ ಎಂದರೆ ಅಚ್ಚಿನಿಂದ ಬಂದ ಹಾಗೆ, ಯಾರೂ ಮಡಚದೆ ಉಳಿದ ನೋಟು. ನಾವು ಮಾಡಿದ ಗರಿಗರಿಗೆ ಬೆಲೆಯಿಲ್ಲ. ಕೊಳೆಯಾದ ನೋಟನ್ನಾದರೂ ಜನ ಕೊಳ್ಳುತ್ತಾರೆ, ತೊಳೆದು ಇಸ್ತ್ರಿ ಹಾಕಿದ್ದನ್ನು ಕೊಳ್ಳುವುದಿಲ್ಲ. ಟ್ರ್ಯಾಕ್ಟರಿನ ನೋಟು ಲಕ್ಷಗಟ್ಟಲೆ ಅಚ್ಚಾದದ್ದು, ಚೆನ್ನಾಗಿದ್ದರೂ ಐವತ್ತೋ ನೂರೋ ಅಷ್ಟೇ. ಹುಲಿಗೂ ಹಾಗೆಯೇ. ರದ್ದಾದ ಐನೂರು ಎಲ್ಲರ ಮನೆಯ ಹಾಸಿಗೆಯಡಿಯಲ್ಲಿಯೂ ಒಂದೊಂದು ಉಂಟು. ಫೋನಿನಲ್ಲಿ ಬರುವ ಏಳು ಲಕ್ಷ ಯಾರೋ ಹೇಳಿದ ರೇಟು, ಯಾರೂ ಕೊಟ್ಟ ರೇಟಲ್ಲ. ಬೆಲೆ ತಿಳಿಯಬೇಕಾದರೆ ಎಷ್ಟಕ್ಕೆ ಕೇಳಿದರು ಎಂದು ನೋಡಬಾರದು, ಕೊನೆಗೆ ಎಷ್ಟಕ್ಕೆ ಹೋಯಿತು ಎಂದು ನೋಡಬೇಕು. ಅದು ನನಗೆ ಚೆನ್ನಾಗಿ ಅರ್ಥವಾಯಿತು. ಮೀನಿನವನು ಬುಟ್ಟಿ ಇಳಿಸುವಾಗ ಹೇಳುವ ರೇಟಿಗೆ ನಾನು ಯಾವತ್ತೂ ಬಂಗುಡೆ ಕೊಂಡದ್ದಿಲ್ಲ.

ಮಾತಾಡುತ್ತಾ ಅವರು ಕೆಂಪು ಹತ್ತಕ್ಕೆ ಬಂದರು.

ಭೂತಗನ್ನಡಿ ತೆಗೆದರು. ನೋಟಿನ ನಂಬರಿನ ಮೊದಲಿನ ಇಂಗ್ಲಿಷ್ ಅಕ್ಷರವನ್ನು ನೋಡಿದರು, ತಿರುಗಿಸಿ ಹಿಂದಿನ ಹಡಗಿನ ಚಿತ್ರ ನೋಡಿದರು. ಇದು ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಾನು ಲುಂಗಿಯ ಕಥೆಯನ್ನು ಚುಟುಕಾಗಿ ಹೇಳಿ, ಬಣ್ಣ ತೆಗೆಯಲು ಪ್ರಯತ್ನ ಮಾಡಿದೆ, ಆಗಲಿಲ್ಲ ಎಂದೆ.

“ಆಗುವುದು ಹೇಗೆ ಅಮ್ಮ? ಅದರ ಬಣ್ಣವೇ ಅದು.”

ಆ ಕಾಲದಲ್ಲಿ ಗಲ್ಫಿನ ಊರುಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತಂತೆ. ಅಲ್ಲಿಗೆಂದೇ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿದ ನೋಟುಗಳಿದ್ದವಂತೆ. ಇಲ್ಲಿ ನೇರಳೆ ಇದ್ದ ಹತ್ತು ಅಲ್ಲಿಗೆ ಕೆಂಪು. ಅಲ್ಲಿ ಮಾತ್ರ ನಡೆಯುವುದು, ಇಲ್ಲಿಯ ಅಂಗಡಿಯಲ್ಲಿ ನಡೆಯುವುದಿಲ್ಲ. ಹಡಗಿನಿಂದ ಬಂದ ಯಾರದ್ದೋ ಕಿಸೆಯಲ್ಲಿ ಉಳಿದದ್ದು ಎಂದರು. ಹಾಗಾದರೆ ಲುಂಗಿ ನೋಟಿಗೆ ಏನೂ ಮಾಡಿರಲಿಲ್ಲ. ಇಲ್ಲಿ ನಡೆಯದ ನೋಟಿಗೆ ಅಮ್ಮ ನಡೆಯುವ ನೋಟು ಕೊಟ್ಟು ಬಂದಿದ್ದಳು. ಅಂಗಿಯ ಪೆಟ್ಟು ನ್ಯಾಯವೇ, ಅದನ್ನು ನಾನು ಒಪ್ಪುತ್ತೇನೆ. ನೋಟಿನ ಪೆಟ್ಟು ಮಾತ್ರ ಸುಮ್ಮನೆ ತಿಂದದ್ದು. ಅಮ್ಮ ಬದುಕಿದ್ದರೆ ಅದನ್ನು ವಾಪಸು ಕೇಳುತ್ತಿದ್ದೆ.

“ಇದಕ್ಕೆ ಎಷ್ಟು ಬರುತ್ತದೆ ಮಾರಾಯರೇ?” ಎಂದೆ.

ಅವರು ಉತ್ತರ ಹೇಳಲು ಸ್ವಲ್ಪ ಸಂಕಟಪಟ್ಟರು. ಒಂದು ರಾತ್ರಿ ನೀರಿನಲ್ಲಿ ನೆನೆದದ್ದೇನೂ ದೊಡ್ಡದಲ್ಲ, ಡಬ್ಬಿಯಲ್ಲಿ ಇದ್ದ ಹಾಗೆಯೇ ತಂದಿದ್ದರೆ ಹದಿನೈದು ಸಾವಿರಕ್ಕೆ ಅವರೇ ಕೊಳ್ಳುತ್ತಿದ್ದರಂತೆ. ಈಗ ಹುಳಿಗೆ ಕಾಗದ ಮೆದುವಾಗಿದೆ, ಗಂಜಿ ಕುಳಿತಿದೆ, ಇಸ್ತ್ರಿಗೆ ಚಪ್ಪಟೆಯಾಗಿದೆ. ಈಗ ಆರು ಸಾವಿರ. ನನ್ನ ಒಬ್ಬನ ಮಾತು ನಂಬಬೇಡಿ ಎಂದು ಹೇಳಿ, ಮಂಗಳೂರಿನ ಇಬ್ಬರು ವ್ಯಾಪಾರಿಗಳಿಗೆ ನನ್ನ ಎದುರಿಗೇ ಫೋಟೋ ಕಳಿಸಿ, ಫೋನಿನ ಶಬ್ದ ದೊಡ್ಡದು ಮಾಡಿ ಕೇಳಿಸಿದರು. ಒಬ್ಬ ಐದೂವರೆ ಎಂದ. ಇನ್ನೊಬ್ಬ ಆರು ಎಂದ, ಮತ್ತೆ ಇದಕ್ಕೆ ಇಸ್ತ್ರಿ ಹಾಕಿದ ಕತ್ತೆ ಯಾರು ಎಂದು ಕೇಳಿದ. ಬ್ಯಾರಿ ಗಡಿಬಿಡಿಯಲ್ಲಿ ಫೋನು ಇಟ್ಟರು.

ಏಳು ಲಕ್ಷಕ್ಕೂ ಐದು ರೂಪಾಯಿಗೂ ಮಧ್ಯದ ಜಾಗ ಆರು ಸಾವಿರದಲ್ಲಿ ಬಂದು ನಿಂತಿತು. ಓಲೆ ಹತ್ತು ಸಾವಿರ. ನಾನು ಗಂಜಿ ಬೇಯಿಸದೆ ಇದ್ದಿದ್ದರೆ ಡಬ್ಬಿಯೇ ಮೇಲೆ.

ನಾನು ಲೆಕ್ಕ ಬಿಟ್ಟು ಬೇರೆಯೇ ಒಂದು ಕೇಳಿದೆ. ಈ ಕೆಂಪು ಅದರದ್ದೇ ಬಣ್ಣ ಎಂದು ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಅಂಗಡಿಯ ಸೀಲು ಹಾಕಿಕೊಡಿ ಎಂದೆ. ಅವರು ಎಂತಕ್ಕೆ ಎಂದು ಕೇಳಲಿಲ್ಲ. ಚಂದದ ಅಕ್ಷರದಲ್ಲಿ ಬರೆದರು. ನಾನು ಅಕ್ಷರ ಕೂಡಿಸಿ ಓದಿದೆ. ಒಂದನೇ ಸಾಲು ನನಗೆ ಬೇಕಾದ ಹಾಗೆಯೇ ಇತ್ತು. ಅದರ ಕೆಳಗೆ ಇನ್ನೊಂದು 'ಸ್ಥಿತಿ' ಎಂಬ ಸಾಲು. ಅದು ಬೇಡ, ಹೊಡೆದು ಹಾಕಿ ಎಂದೆ.

“ನೋಟಿನ ಬಗ್ಗೆ ಬರೆದರೆ ಸ್ಥಿತಿ ಬರೆಯಲೇಬೇಕು ಅಮ್ಮ. ಅರ್ಧಕ್ಕೆ ನಾನು ಸೀಲು ಹಾಕುವುದಿಲ್ಲ.”

ಎಷ್ಟು ಹೇಳಿದರೂ ಕೇಳಲಿಲ್ಲ. ಮೋಸದವರಲ್ಲ ಎಂದು ಮಾಸ್ಟ್ರು ಹೇಳಿದ್ದು ಸುಳ್ಳಲ್ಲ. ಸ್ವಲ್ಪ ಮೋಸ ಇದ್ದಿದ್ದರೆ ಆ ದಿನ ಒಳ್ಳೆಯದಿತ್ತು. ಹೊರಡುವಾಗ ಕಾಲರಿಗೆ ನೀಲಿ ಕಡಿಮೆ ಹಾಕಲು ಹೇಳಿ ಬಂದೆ.

ತಂಗಿ ಬಂದ ದಿನ ಇಬ್ಬರೂ ಚಾವಡಿಯಲ್ಲಿ ಚಾಪೆಯ ಮೇಲೆ ಕುಳಿತೆವು, ಮಧ್ಯದಲ್ಲಿ ಓಲೆ ಮತ್ತು ಡಬ್ಬಿ. ಓಲೆಗೆ ಹತ್ತು, ಡಬ್ಬಿಗೆ ಆರು ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಕೆಂಪು ನೋಟು ಗಲ್ಫಿನದ್ದು ಎಂಬುದನ್ನೂ ಹೇಳಿದೆ. ಗಂಜಿಯ ವಿಷಯ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಅವಳ ಕಣ್ಣು ಓಲೆಯ ಮೇಲೆ, ಮುಖ ಸಪ್ಪೆ. ಅಕ್ಕ ಇನ್ನು ಓಲೆಯನ್ನೇ ಎತ್ತುತ್ತಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಇಷ್ಟು ದಿನ ಡಬ್ಬಿ ಹೊಗಳಿದ್ದು ನೀರಿಗೆ ಹೋಯಿತು.

ನಾನು ಡಬ್ಬಿ ನನ್ನ ಕಡೆಗೆ ಎಳೆದುಕೊಂಡೆ.

ತಂಗಿ ಸಂಶಯದಿಂದ ನೋಡಿದಳು. “ಆರು ಎಂದು ನೀನೇ ಹೇಳಿದೆ. ಎಂತ ಉಂಟು ಅದರೊಳಗೆ?”

“ಎಂತದೂ ಇಲ್ಲ. ನಾಲ್ಕು ಸಾವಿರ ಬಿಟ್ಟುಕೊಟ್ಟು ನಿನ್ನ ಬಾಯಿ ಮುಚ್ಚಿಸುತ್ತಿದ್ದೇನೆ. ಮದುವೆಯ ದಿನ ಎಲ್ಲರ ಎದುರು ನಾನು ಒಂದು ಕಾಗದ ಓದುತ್ತೇನೆ. ಓದಿ ಆದ ಮೇಲೆ, ನೋಟು ಹಾಳು ಮಾಡಿದ್ದು ಅಕ್ಕ ಅಲ್ಲ, ನಾನು ಇಷ್ಟು ವರ್ಷ ಹೇಳಿದ್ದು ಸುಳ್ಳು ಎಂದು ನೀನು ಹೇಳಬೇಕು.”

ಅವಳು ಯೋಚಿಸಿದಳು. ಅರುವತ್ತು ವರ್ಷ ಸಾಕಿದ ಕಥೆ. ಓಲೆಯನ್ನು ನೋಡಿದಳು, ನನ್ನನ್ನು ನೋಡಿದಳು, ಪುನಃ ಓಲೆಯನ್ನು ನೋಡಿದಳು. ಆಯಿತು ಎಂದು ಓಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಊಟ ಮಾಡಿಕೊಂಡು ಹೋಗು ಎಂದರೂ ನಿಲ್ಲದೆ ನೇರ ಆಚಾರಿಯ ಮನೆಗೆ ಹೋದಳು. ನಾನು ಮನಸ್ಸು ಬದಲಿಸುತ್ತೇನೆಂದು ಹೆದರಿಕೆ ಇರಬೇಕು. ಕೆಂಪು ನೋಟನ್ನು ಮರುವಾರ ನಾನು ಬ್ಯಾರಿಗೆ ಕೊಟ್ಟೆ. ಆರು ಸಾವಿರ ಎಣಿಸಿ ಕೊಟ್ಟರು. ನೋಟು ಇಟ್ಟುಕೊಂಡು ಪೂಜೆ ಮಾಡುವುದಕ್ಕಿಲ್ಲ. ನನಗೆ ಬೇಕಾದದ್ದು ಕಾಗದ.

ಮದುವೆಯ ಹಾಲಿನಲ್ಲಿ ಊಟದ ಮೊದಲ ಪಂಕ್ತಿ ಕುಳಿತಿತ್ತು. ಮೊಮ್ಮಗಳ ಬೆರಳಿನಲ್ಲಿ ಹೊಸ ಉಂಗುರ ಇತ್ತು, ಅರಗು ತೆಗೆದ ಮೇಲೆ ನೂಲಿನಷ್ಟು ಸಪೂರ. ಸಾರು ಬಡಿಸಿ ಆದ ಹೊತ್ತಿಗೆ ನಾನು ಎದ್ದು ನಿಂತು ರವಕೆಯೊಳಗಿನಿಂದ ಕಾಗದ ತೆಗೆದೆ. ಎಲ್ಲರೂ ಕೈ ನಿಲ್ಲಿಸಿದರು. ಯಾರೋ ಉಡುಗೊರೆ ಓದುತ್ತಿದ್ದಾರೆ ಎಂದುಕೊಂಡಿರಬೇಕು. ನಾನು ಅಕ್ಷರ ಕೂಡಿಸುತ್ತಾ, ನಿಲ್ಲಿಸಿ ನಿಲ್ಲಿಸಿ, ದೊಡ್ಡ ಸ್ವರದಲ್ಲಿ ಓದಿದೆ. ಈ ಹತ್ತು ರೂಪಾಯಿ ನೋಟಿನ ಕೆಂಪು ಬಣ್ಣ ಅಚ್ಚಿನಲ್ಲಿಯೇ ಬಂದದ್ದು, ಯಾರೂ ಹಾಕಿದ್ದಲ್ಲ.

ತಂಗಿ ಮಾತಿಗೆ ತಪ್ಪಲಿಲ್ಲ. ಎದ್ದು ನಿಂತು, ಲುಂಗಿಯ ಕಥೆ ಸುಳ್ಳು, ಅಕ್ಕ ನೋಟು ಹಾಳು ಮಾಡಿಲ್ಲ ಎಂದು ಸ್ಪಷ್ಟವಾಗಿ ಹೇಳಿದಳು. ನನ್ನ ಗಂಡನ ಕಡೆಯ ಮುದುಕಿಯರು ಇಬ್ಬರು ನನ್ನನ್ನು ಹೊಸ ಕಣ್ಣಿನಿಂದ ನೋಡಿದರು. ನಾನು ಕುಳಿತುಬಿಡಬಹುದಿತ್ತು. ಒಂದು ಕ್ಷಣ ಆ ಸುಖ ಅನುಭವಿಸೋಣ ಎಂದು ನಿಂತೆ. ಅಲ್ಲಿಯೇ ತಪ್ಪಿದ್ದು.

“ಬೆರಳು ತೆಗೆ ಅಕ್ಕ,” ಎಂದಳು ತಂಗಿ.

ಎರಡನೇ ಸಾಲಿನ ಮೇಲೆ ನನ್ನ ಹೆಬ್ಬೆರಳು ಒತ್ತಿ ಹಿಡಿದಿತ್ತು. ಅವಳು ನನ್ನ ಕೈಯಿಂದ ಕಾಗದ ಎಳೆದುಕೊಂಡು ಕನ್ನಡಕ ಸರಿಮಾಡಿಕೊಂಡಳು. ಏಳನೇ ಕ್ಲಾಸು ಓದಿದವಳು, ಅವಳಿಗೆ ನಿಲ್ಲಿಸಿ ಓದುವ ಅಗತ್ಯವಿಲ್ಲ.

“ಸ್ಥಿತಿ: ನಿಂಬೆಹುಳಿಯಲ್ಲಿ ತೊಳೆದು, ಅಕ್ಕಿಗಂಜಿ ಹಾಕಿ, ಇಸ್ತ್ರಿ ಹಾಕಲಾಗಿದೆ. ಇದರಿಂದ ಬೆಲೆ ಹದಿನೈದು ಸಾವಿರದಿಂದ ಆರು ಸಾವಿರಕ್ಕೆ ಇಳಿದಿದೆ.”

ಮೊದಲು ನಕ್ಕವರು ಬಡಿಸುವವರು. ಸಾರಿನ ಬಾಲ್ದಿ ಕೆಳಗಿಟ್ಟು ನಕ್ಕರು. ಮತ್ತೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮದುಮಗಳು ಪೇಟದ ಮದುಮಗನ ಭುಜಕ್ಕೆ ಮುಖ ಒತ್ತಿಕೊಂಡು ನಕ್ಕಳು. ತಂಗಿ ನಗಲಿಲ್ಲ. ಅವಳು ಆಗಲೇ ಪಕ್ಕದವರಿಗೆ ಮೊದಲಿನಿಂದ ಶುರುಮಾಡಿದ್ದಳು, ಬೆಳ್ತಿಗೆ ಅಕ್ಕಿ ಎಷ್ಟು ಸೇರು ಎಂಬಲ್ಲಿಂದ.

ಈ ಸಲದ್ದು ನಿಜವೇ. ಕುಳಿತುಕೊಳ್ಳಲು ಬಾಗಿದೆ. ಮದುವೆಗೆಂದು ನನ್ನ ಸೀರೆಗೆ ಗಟ್ಟಿ ಗಂಜಿ ಹಾಕಿದ್ದೆ. ಅದು ಬಾಗುವಾಗ ಚರಕ್ ಎಂದಿತು. ಅದಕ್ಕೂ ನಕ್ಕರು.